ಹಿಂದಿನ ತಾರೀಕಿನ ರಾಜರು

ಅವರ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣದ್ದು. ಗಲ್ಫಿನ ಈ ಊರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಕಟ್ಟಡ ಕಂಪನಿಯ ಆಫೀಸಿಗೆ ಬಂದ ಪ್ರತಿ ನಕ್ಷೆಗೂ ಪತ್ರಕ್ಕೂ ತಾರೀಕಿನ ಮೊಹರು ಒತ್ತುತ್ತಿದ್ದವರು ಅವರು. ನಾನು ಅವರ ಕೈಕೆಳಗಿನ ಗುಮಾಸ್ತ. ಬಿನ್ ಮಹಮೂದ್ ಬಡಾವಣೆಯ ಫ್ಲಾಟಿನಲ್ಲಿ ಪಕ್ಕದ ಮಂಚದವನು. ಅಣ್ಣ ಎನ್ನುತ್ತಿದ್ದೆ.

ಶುಕ್ರವಾರ ಉಳಿದವರು ಕ್ರಿಕೆಟ್ ನೋಡುವಾಗ ಅಣ್ಣ ಸ್ಕಾಟ್ಲೆಂಡಿನ ಸಾವಿರ ವರ್ಷ ಹಿಂದಿನ ರಾಜರ ಬಗ್ಗೆ ಓದುತ್ತಿದ್ದರು. ಭಕ್ತಿಯಿಂದಲ್ಲ, ತಾತ್ಸಾರದಿಂದ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ: "ಕಂಡವರು ಯಾರು?"

ಕೆನೆತ್ ಎಂಬ ರಾಜ ಪಿಕ್ಟರೆಂಬ ಜನರ ನಾಯಕರನ್ನು ಔತಣಕ್ಕೆ ಕರೆದು, ಕೂತ ಬೆಂಚಿನಿಂದಲೇ ಗುಂಡಿಗೆ ಬೀಳಿಸಿ ಕೊಂದನಂತೆ.

"ಇದನ್ನು ಬರೆದವ ಮುನ್ನೂರು ವರ್ಷದ ನಂತರದವ. ಬೆಂಚಿನ ಅಡಿಯಲ್ಲಿ ಇವನೇ ಕೂತಿದ್ದನೋ ಏನೋ!" ಎನ್ನುತ್ತಿದ್ದರು ಅಣ್ಣ.

ಕೆನೆತ್ ಸತ್ತ ಕಾಲಕ್ಕೆ ಹತ್ತಿರದ ದಾಖಲೆಯಲ್ಲಿ ಅವನು ಬರೀ ಪಿಕ್ಟರ ರಾಜ. ಸ್ಕಾಟರ ಮೊದಲ ರಾಜನನ್ನಾಗಿ ಮಾಡಿದ್ದು ಆಮೇಲಿನ ಪಟ್ಟಿಗಳು. "ಮೊಮ್ಮಕ್ಕಳಿಗೆ ಸಿಂಹಾಸನ ಬೇಕಿತ್ತು. ಅಜ್ಜನಿಗೆ ಪ್ರಮೋಷನ್ ಸಿಕ್ಕಿತು," ಎಂದು ಅಣ್ಣ ಮೂಗು ಮುರಿಯುತ್ತಿದ್ದರು.

ಒಮ್ಮೆ ಗುರುವಾರ ಬರಬೇಕಿದ್ದ ನಕ್ಷೆ ಭಾನುವಾರ ಬಂತು. "ಯಲ್ಲಾ, ಬೇಗ ಗುರುವಾರ ಹಾಕು, ಖಲಾಸ್," ಎಂದ ಎಂಜಿನಿಯರ್. ಮೊಹರಿನ ಚಕ್ರ ಹಿಂದಕ್ಕೆ ತಿರುಗಿಸಿ ಒತ್ತಿಬಿಟ್ಟೆ. ಅಣ್ಣ ಕಾಗದ ಎತ್ತಿ ನೋಡಿದರು.

"ಬನ್ನಿ ಆಸ್ಥಾನ ಪಂಡಿತರೇ. ನಿಮ್ಮ ರಾಜರಿಗೆ ಯಾವ ವಂಶ ಬೇಕಂತೆ?"

ನನ್ನ ಕೈಯಲ್ಲೇ ಗುರುವಾರ ಹೊಡೆದುಹಾಕಿಸಿ, ಭಾನುವಾರ ಒತ್ತಿಸಿ, ಪಕ್ಕದಲ್ಲಿ ಸಹಿ ಹಾಕಿಸಿದರು. "ಗೊತ್ತಿಲ್ಲದ್ದಕ್ಕೂ ಗೊತ್ತಿಲ್ಲ ಅಂತಲೇ ಬರೆ ಮಾರಾಯ. ಅದಕ್ಕೆ ಯಾರೂ ಗಲ್ಲಿಗೆ ಹಾಕುವುದಿಲ್ಲ."

ಕಳೆದ ತಿಂಗಳು ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ನಾನು ಊರಾಚೆ ಉಮ್ಮ್ ಸಲಾಲ್‌ನ ಕಟ್ಟಡದ ಸೈಟಿನಲ್ಲಿದ್ದೆ. ಆಸ್ಪತ್ರೆ ತಲುಪುವಾಗ ಎಲ್ಲ ಮುಗಿದಿತ್ತು. ಹೆಬ್ಬೆರಳು ಇನ್ನೂ ನೇರಳೆಯಾಗಿಯೇ ಇತ್ತು.

ನಮ್ಮವರ ಸಂಘ ಶ್ರದ್ಧಾಂಜಲಿ ಸಭೆ ಮಾಡಿತು. ಒಂದು ದಿನವೂ ಸಂಘದ ಮೆಟ್ಟಿಲು ಹತ್ತದವರನ್ನು ಸಂಸ್ಥಾಪಕರೆಂದರು. ಅಜಾತಶತ್ರು ಎಂದರು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದವರಲ್ಲಿ ಅರ್ಧ ಜನರನ್ನು ಕಂಡರೆ ಅಣ್ಣನಿಗೆ ಆಗುತ್ತಿರಲಿಲ್ಲ. ಸ್ಮರಣ ಸಂಚಿಕೆಗೆ ಒಂದು ಪುಟ ಬರೆಯಲು ಕಾರ್ಯದರ್ಶಿ ನನಗೆ ಹೇಳಿದರು.

"ಕೊನೆಗೆ ಏನಂದ್ರು ಅಂತ ಹಾಕು. ನೀನೇ ಅಲ್ವಾ ಹತ್ತಿರದವ?"

"ನಾನು ಅಲ್ಲಿರಲಿಲ್ಲ."

"ಇದ್ದೆ ಅಂತ ಹಾಕು ಮಾರಾಯ. ಊರಲ್ಲಿ ಅವರ ಹೆಂಡತಿ ಓದ್ತಾರೆ, ಸಮಾಧಾನ ಆಗ್ತದೆ. ಸತ್ತವರು ಬಂದು ಕೇಳ್ತಾರಾ?"

ಬರೆದೆ. ಅಣ್ಣ ನನ್ನ ಕೈ ಹಿಡಿದುಕೊಂಡು ಅತ್ತಿಗೆಯ ಹೆಸರು ಹೇಳಿ ಕಣ್ಣು ಮುಚ್ಚಿದರು ಎಂದು. ಚೆನ್ನಾಗಿಯೇ ಬಂದಿತ್ತು, ಓದಿ ನನಗೇ ಅಳು ಬಂತು. ಆ ಹೊತ್ತಿಗೆ ನಾನು ಅಲ್ಲಿ ಇರಬೇಕಿತ್ತು ಎಂದು ನನ್ನಷ್ಟು ಬಯಸಿದವರು ಯಾರೂ ಇಲ್ಲ. ಕೊನೆಗೆ ಅವರ ಪೆನ್ಸಿಲ್ ಹುಡುಕಿ ತಂದು ಅಂಚಿನಲ್ಲಿ ಬರೆದೆ: "ಕಂಡವರು ಯಾರು?"

ಅಣ್ಣ ನನ್ನ ಕೈ ಹಿಡಿದುಕೊಂಡರೆಂಬ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಸಂಘದವರು ಅಚ್ಚು ಹಾಕಿಸಲಿ, ಬಿಡಲಿ. ಅಣ್ಣನ ಕೊನೆಯ ಮಾತು ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ.