ಲಿಫ್ಟ್ ರಿಪೇರಿಯವನ ಕಿವಿ

ನನ್ನ ತಮ್ಮ ಲಿಫ್ಟ್ ರಿಪೇರಿಯವನು. ಯಾರೇ ಲಿಫ್ಟಿನೊಳಗೆ ಸಿಕ್ಕಿಕೊಂಡರೂ ಮೊದಲು ಹೊಡೆದುಕೊಳ್ಳುವುದು ಅವನ ಫೋನು. ಉಣ್ಣುವಾಗ ತಟ್ಟೆಯ ಪಕ್ಕ ಫೋನು, ಮಲಗಿದರೆ ದಿಂಬಿನ ಕೆಳಗೆ ಫೋನು. "ಅದನ್ನೇ ಕಟ್ಕೋಬೇಕಿತ್ತು ಕಣೋ, ಆ ಹುಡುಗೀನ ಯಾಕೆ ಕಟ್ಕೊಂಡೆ?" ಎಂದು ಬೈಯುತ್ತಿದ್ದೆ. "ಒಳಗೆ ಸಿಕ್ಕೊಂಡೋರಿಗೆ ಜೀವ ಬಾಯಿಗೆ ಬಂದಿರುತ್ತೆ ಅಕ್ಕಾ" ಎಂದು ನಗುತ್ತಿದ್ದ.

ಆಮೇಲೆ ನಗು ನಿಂತಿತು. ಫೋನು ಸುಮ್ಮನಿದ್ದರೂ ಅವನಿಗೆ ರಿಂಗ್ ಕೇಳಿಸತೊಡಗಿತು. ನಿದ್ದೆ ಹಾರಿಹೋಯಿತು, ಮಾತಾಡಿಸಿದರೆ ಸಿಡುಕು. ಒಂದು ದಿನ ಲಿಫ್ಟಿನ ನೆತ್ತಿಯ ಮೇಲೆ ಹತ್ತಿದವನೇ ರಿಂಗ್ ಕೇಳಿಸಿತೆಂದು ಜೇಬಿಗೆ ಕೈಹಾಕಿದ. ಹತ್ತಿದ ಕೂಡಲೇ ಒತ್ತಬೇಕಾದ ಸ್ಟಾಪ್ ಗುಂಡಿಯನ್ನು ಮರೆತ. ಮೇಲಿನ ಮಹಡಿಯಲ್ಲಿ ಯಾರೋ ಕರೆದರು, ಲಿಫ್ಟ್ ಏರತೊಡಗಿತು. ಜೊತೆ ಕೆಲಸದವನು ಕಿರುಚಿ ಬಗ್ಗಿಸದಿದ್ದರೆ ಮೇಲಿನ ತೊಲೆಗೆ ತಲೆ ಅಪ್ಪಳಿಸುತ್ತಿತ್ತು. ಅಬ್ಬಾ, ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

"ಇವರ ತಲೆ ಹಗಲೂರಾತ್ರಿ ಕಾವಲು ಕಾಯ್ತಿದೆ. ಸ್ವಲ್ಪ ದಿನ ಫೋನ್ ಬಿಟ್ಟಿರಲಿ. ಸರಿಹೋಗೋವರೆಗೂ ಲಿಫ್ಟ್ ಹತ್ತೋ ಹಾಗಿಲ್ಲ" ಎಂದರು ಡಾಕ್ಟರು. ಫೋನನ್ನು ಜೊತೆಯವನೇ ಇಟ್ಟುಕೊಂಡ. ನನ್ನ ತಮ್ಮ ಹೆಂಡತಿ ಮಗಳೊಂದಿಗೆ ನಮ್ಮ ಮನೆಗೆ ಬಂದು ಉಳಿದ.

ಮೊದಮೊದಲು ಅವನನ್ನು ನೋಡಲಾಗುತ್ತಿರಲಿಲ್ಲ. ಕೈ ಗಳಿಗೆಗೊಮ್ಮೆ ಖಾಲಿ ಜೇಬಿಗೆ ಹೋಗುತ್ತಿತ್ತು. "ಈಗ ಯಾರು ಸಿಕ್ಕಾಕೊಂಡಿದ್ದಾರೋ" ಎಂದು ಮನೆಯೆಲ್ಲ ಸುತ್ತುತ್ತಿದ್ದ. "ಲೋಕದ ಲಿಫ್ಟೆಲ್ಲ ನಿನ್ನ ತಲೆ ಮೇಲೇ ನಿಂತಿದ್ಯಾ? ತೆಪ್ಪಗೆ ಕೂತ್ಕೊ!" ಎಂದು ಗದರಿದೆ. ಗದರಿದೆನೇ ಹೊರತು ಕರುಳು ಕಿತ್ತು ಬರುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಗೊರಕೆ ಹೊಡೆದು ಮಲಗಿದ. ನನಗೂ ಉಸಿರು ಬಂದಂತಾಯಿತು.

ಅದಾದ ಮೇಲೆ ಒಂದು ಸಂಜೆ, ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದ. ಅವನ ನಾಲ್ಕು ವರ್ಷದ ಮಗಳು ಪುಟ್ಟಿ ಬೆನ್ನ ಹಿಂದೆ ನಿಂತು ಬಾಯಲ್ಲೇ "ಟ್ರಿಣ್ ಟ್ರಿಣ್" ಎಂದಳು. ತಮ್ಮ ಬೆಚ್ಚಿ ತಿರುಗಿದ. ಬಟಾಣಿಯೆಲ್ಲ ನೆಲದ ಪಾಲಾಯಿತು.

"ಏ ಪುಟ್ಟಿ! ಅಪ್ಪಂಗೆ ಹುಷಾರಿಲ್ಲ ಅಂತ ಗೊತ್ತಿಲ್ವಾ? ಏನೇ ಈ ಚೇಷ್ಟೆ?" ಎಂದೆ.

"ಚೇಷ್ಟೆ ಅಲ್ಲ ಅತ್ತೆ. ಅಪ್ಪಾ ಅಂದ್ರೆ ತಿರುಗಲ್ಲ. ಹೀಗಂದ್ರೆ ತಿರುಗ್ತಾರೆ."

ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಸಾವರಿಸಿಕೊಂಡ ಮೇಲೆ "ಇನ್ಮೇಲೆ ಅಪ್ಪಾ ಅಂತಲೇ ಕರಿ, ಕಂದ" ಎಂದು ಹೇಳಿ, ಬಗ್ಗಿ ಬಟಾಣಿ ಆರಿಸತೊಡಗಿದ.

"ಅಪ್ಪಾ."

ತಿರುಗಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಅಪ್ಪಾ" ಎಂದಳು. ಮತ್ತೆ ತಿರುಗಿದ. ಹೇಳುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ. ತಿರುಗುತ್ತಾನೋ ಇಲ್ಲವೋ ಎಂದು ಕತ್ತಲಾಗುವವರೆಗೂ ಕರೆದು ನೋಡುತ್ತಲೇ ಇದ್ದಳು.