ಬೀಗತನಕ್ಕೆ ಕುಳಿತ ಸಮಿತಿ

ಮೊನ್ನೆ ಹಾವೇರಿಯ ಬಸ್ ನಿಲ್ದಾಣದಲ್ಲಿ ‘ಮಾನವ ಕಳ್ಳಸಾಗಣೆ ತಡೆಯೋಣ’ ಎಂಬ ಭಿತ್ತಿಪತ್ರ ಕಂಡಿತು. ಒಂದು ಮೂಲೆ ಕಿತ್ತು ಗಾಳಿಗೆ ಹಾರಾಡುತ್ತಿತ್ತು. ಏನಾದರೂ ವಾರೆಯಾಗಿದ್ದರೆ ನನ್ನ ಕೈ ಸುಮ್ಮನಿರದು. ಅದನ್ನು ಒತ್ತಿ ಅಂಟಿಸುತ್ತ ನಿಂತಾಗ ಬೀಬಿಜಾನ್ ನೆನಪಾದಳು.

ನೌಕರಿಯಲ್ಲಿದ್ದಾಗ ಈ ತಡೆ ಸಮಿತಿಯ ಸಭೆ ನಡೆಸುವ ಹೊಣೆ ನನ್ನದು. ಪೊಲೀಸ್, ಕಾರ್ಮಿಕ, ಮಕ್ಕಳ ಇಲಾಖೆಗಳನ್ನು ಒಂದು ಮೇಜಿನ ಸುತ್ತ ಕೂರಿಸಬೇಕು. ಹನ್ನೊಂದೆಂದರೆ ಹನ್ನೊಂದಕ್ಕೇ ಶುರು. ಸಭೆಗಳು ಅಚ್ಚುಕಟ್ಟಾಗಿದ್ದವು ಎಂಬ ಹೆಮ್ಮೆ ಇವತ್ತಿಗೂ ಇದೆ. ಅವುಗಳಿಂದ ಏನಾಯಿತೆಂದು ಮಾತ್ರ ನೀವು ಕೇಳಬಾರದು.

ಬೀಬಿಜಾನ್ ಬ್ಯಾಡಗಿ ಕಡೆಯ ಅಂಗನವಾಡಿ ಮೇಲ್ವಿಚಾರಕಿ. ಯಾವ ಸಭೆಗೂ ಹೊತ್ತಿಗೆ ಬಂದವಳಲ್ಲ. ಒಂದು ದಿನ ಹಾಗೇ ತಡವಾಗಿ ಬಂದವಳು ಕೂರದೆಯೇ ಸುದ್ದಿ ಹೇಳಿದಳು. ಮೋಟೆಬೆನ್ನೂರಿನ ರೇಣುಕಾ, ತಂದೆಯಿಲ್ಲದ ಹುಡುಗಿ, ಆಗಷ್ಟೇ ಪಿಯುಸಿ ಮುಗಿಸಿದ್ದಳು. ಒಬ್ಬ ದಲ್ಲಾಳಿ ಅವಳಿಗೆ ದೂರದ ರಾಜ್ಯದ ವರನನ್ನು ಗೊತ್ತು ಮಾಡಿದ್ದ. ವರದಕ್ಷಿಣೆ ಬೇಡ, ಖರ್ಚೆಲ್ಲ ಅವರದೇ, ಶುಕ್ರವಾರವೇ ಕರೆದೊಯ್ಯುತ್ತಾರಂತೆ. ವರನನ್ನು ಯಾರೂ ನೋಡಿರಲಿಲ್ಲ.

ದೂರಿಲ್ಲದೆ ಹೇಗೆ ಎಂದರು ಪೊಲೀಸರು. ಕೂಲಿಯಾದರೆ ನಮ್ಮದು, ಮದುವೆ ನಮ್ಮದಲ್ಲ ಎಂದರು ಕಾರ್ಮಿಕ ಇಲಾಖೆಯವರು. ಹದಿನೆಂಟು ತುಂಬಿದೆಯಲ್ಲ ಎಂದು ಮಕ್ಕಳ ಇಲಾಖೆಯವರು ಕೈ ಚೆಲ್ಲಿದರು.

“ಇಲ್ಲಿ ಇಲಾಖಿ ಆಗಿ ಕುಂತ್ರ ನಿಮಗ ದಾರಿ ಇಲ್ಲರಿ ಸಾಹೇಬ್ರ,” ಎಂದಳು ಬೀಬಿಜಾನ್. “ಅಲ್ಲಿ ಬೀಗರಾಗಿ ಕುಂದ್ರಾಕ ಬರ್ರಿ.”

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹಿರಿಯರು ಹೋಗಿ ವರನ ಮನೆ ನೋಡಿ ಬರುವುದು ಪದ್ಧತಿ. ಅದಕ್ಕೆ ಯಾರೂ ಅಡ್ಡ ಬರುವಂತಿಲ್ಲ. ಮರುದಿನ ರೇಣುಕಾಳ ಮನೆಯ ಕಂಬಳಿಯ ಮೇಲೆ ಕುಳಿತೆವು: ಸಬ್ ಇನ್ಸ್‌ಪೆಕ್ಟರ್ ಧೋತರ ಉಟ್ಟು ಸೋದರಮಾವ, ನಾನು ಓಣಿಯ ಹಿರಿಯ, ಬೀಬಿಜಾನ್ ನೆರೆಮನೆಯ ಚಿಗವ್ವ. ಸಂಬಂಧ ತಪ್ಪೀತೆಂದು ತಾಯಿ ಗಂಗವ್ವನಿಗೆ ಭಯ. ಆದರೂ ಮನೆ ನೋಡುವುದು ಬೇಡವೆನ್ನಲು ಅವಳಿಗೂ ಬಾಯಿ ಬರಲಿಲ್ಲ.

ಅಷ್ಟು ದೂರ ಯಾಕೆ ತ್ರಾಸು, ಫೋಟೊ ನೋಡಿ ಸಾಕು ಎಂದ ದಲ್ಲಾಳಿ. ಬೀಬಿಜಾನ್ ಕನ್ನಡದಲ್ಲೊಮ್ಮೆ ಉರ್ದುವಿನಲ್ಲೊಮ್ಮೆ ಊರು, ಓಣಿ, ಪಕ್ಕದ ಮನೆ ಎಂದು ಕೇಳುತ್ತ ವಿಳಾಸ ಹೊರತೆಗೆದಳು. ಆ ಖುಷಿಯಲ್ಲಿ ನಾನು ಗಡಿಯಾರ ನೋಡಿ, “ಸರಿ, ಮುಂದಿನ ವಿಷಯ,” ಎಂದುಬಿಟ್ಟೆ.

ದಲ್ಲಾಳಿಯ ಕಣ್ಣು ಸಣ್ಣದಾಯಿತು.

“ನಮ್ಮ ಅಣ್ಣಾರು ಸೊಸಾಯಿಟಿ ಚೇರ್ಮನ್ ಇದ್ದವರು,” ಎಂದಳು ಬೀಬಿಜಾನ್, ಎಲೆ ಅಡಿಕೆ ಅವನತ್ತ ಸರಿಸುತ್ತ. “ಹೆಂಡ್ತಿ ಕೂಡಾನೂ ಹಿಂಗಽ ಮಾತಾಡ್ತಾರ.”

ಅವನೂ ನಕ್ಕ. ಸಂಜೆಯೊಳಗೆ ಆ ವಿಳಾಸ ಹಾವೇರಿಯಿಂದ ಬೆಂಗಳೂರಿಗೆ, ಅಲ್ಲಿಂದ ಆ ರಾಜ್ಯಕ್ಕೆ ಮುಟ್ಟಿತು. ಯಾರು ಯಾರಿಗೆ ಹೇಳಬೇಕೆಂಬ ನನ್ನ ಶಿಸ್ತು ಉಪಯೋಗಕ್ಕೆ ಬಂದದ್ದು ಅಲ್ಲೇ. ಗುರುವಾರ ಉತ್ತರ ಬಂತು. ಅಲ್ಲಿ ಇದ್ದದ್ದು ಮನೆಯಲ್ಲ, ಬೀಗ ಹಾಕಿದ ಗೋದಾಮು. ಒಳಗೆ ಬೇರೆ ಊರಿನ ಇಬ್ಬರು ಹುಡುಗಿಯರು. ಅವರನ್ನು ಅಲ್ಲಿಯವರು ಬಿಡಿಸಿದರು. ಇಲ್ಲಿ ದಲ್ಲಾಳಿಯನ್ನು ಸೋದರಮಾವನೇ ಹಿಡಿದ.

ಸುದ್ದಿ ಕೇಳಿದ ಗಂಗವ್ವ, ಮುಂದೆ ಇವಳ ಮದುವೆಗೆ ಮನೆ ನೋಡುವವರೂ ನೀವೇ ಎಂದು ನನ್ನಿಂದಲೂ ಬೀಬಿಜಾನಳಿಂದಲೂ ಮಾತು ತೆಗೆದುಕೊಂಡಳು.

ರೇಣುಕಾ ಈಗ ರಾಣೆಬೆನ್ನೂರಿನಲ್ಲಿ ದಾದಿ. ಗುತ್ತಲದ ಸಂಬಂಧ ಬಂದಿದೆ. ಕಳೆದ ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ನಾನು ಬೀಬಿಜಾನಳೊಂದಿಗೆ ಬಸ್ಸು ಹತ್ತಿದೆ. ಕಳಿಸಲು ಬಂದಿದ್ದ ರೇಣುಕಾ ಕಿಟಕಿಯ ಬಳಿ ನಿಂತು ಹೇಳಿದಳು: “ಹುಡುಗನ್ನ ನಾ ನೋಡೇನ್ರಿ. ನೀವು ಬಾಗಲಾ ನೋಡ್ರಿ. ಚಿಲಕ ಒಳಗಿಂದ ತೆಗೀತೈತೇನು?”

ಗುತ್ತಲದಲ್ಲಿ ನಾನು ಒಂದೊಂದೇ ಕದವನ್ನು ಒಳಗಿಂದ ಹಾಕಿ, ತೆಗೆದು ನೋಡಿದೆ. ವರನ ತಾಯಿ ಬೆರಗಾಗಿ ನೋಡುತ್ತಿದ್ದಳು. ಬೀಬಿಜಾನ್ ಅವಳ ಕಿವಿಯಲ್ಲಿ ಏನೋ ಹೇಳಿದಳು. ಆ ತಾಯಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

“ಹಿತ್ತಲದ್ದೊಂದು ಉಳೀತಲ್ರಿ ಅಣ್ಣಾರ. ಬರ್ರಿ, ತೋರಸ್ತೇನಿ.”