ಬೈತಲೆ ಅಗಲವಾದ ವರ್ಷ

ನನ್ನ ಬೈತಲೆ ಅಗಲವಾಗುತ್ತಿದೆ ಎಂದು ಮೊದಲು ಕಂಡದ್ದು ನಮ್ಮ ಅಕ್ಕನಿಗೆ. ಶಿಗ್ಲಿಯಿಂದ ಬೆಳಗಿನ ಬಸ್ಸಿಗೆ ಬಂದವಳು, ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದ ನನ್ನ ಹಿಂದೆ ಬಂದು ನಿಂತಳು. ಚೀಲವನ್ನು ಕೆಳಗೆ ಕೂಡ ಇಟ್ಟಿರಲಿಲ್ಲ.

“ತಂಗಿ, ನಿನ್ನ ನೆತ್ತಿ ಕಾಣಾಕ ಹತ್ತೈತಲ್ಲ.”

“ನಿನ್ನ ಕಣ್ಣಿಗೆ ಪೊರಿ ಬಂದೈತಿ, ಮೊದಲ ಅದನ್ನ ತಗಸ್ಕೋ ಹೋಗ,” ಅಂದೆ. ಅವಳು ಮತ್ತೇನೋ ಹೇಳಲು ಬಾಯಿ ತೆರೆದು, ತಟ್ಟನೆ ನಾಲಿಗೆ ಕಚ್ಚಿಕೊಂಡಳು. ನಮ್ಮ ಅಕ್ಕ ನಾಲಿಗೆ ಕಚ್ಚಿಕೊಳ್ಳುವ ಜಾತಿಯವಳಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಅಲ್ಲಿಂದ.

ಅದಕ್ಕೆ ಎರಡು ವರ್ಷದ ಹಿಂದೆ ನನ್ನ ಎಡಗಡೆಯ ಮೊಲೆಯಲ್ಲಿ ಗಡ್ಡೆ ಸಿಕ್ಕಿತ್ತು. ಆಪರೇಷನ್ ಆಯಿತು, ಕೀಮೋ ಆಯಿತು, ತಲೆಯ ಮೇಲಿನ ಒಂದೊಂದು ಕೂದಲೂ ಹೋಯಿತು. ಕೀಮೋ ಮುಗಿದ ಮೇಲೆ ಕೂದಲು ತಿರುಗಿ ಬಂತು. ಅದೂ ಎಂಥದ್ದು! ಹುಟ್ಟಿದಾಗಿನಿಂದ ದಾರದ ಹಾಗೆ ನೆಟ್ಟಗಿದ್ದ ಕೂದಲು ಗುಂಗುರು ಗುಂಗುರಾಗಿ ಬಂತು. ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಅವತ್ತು ಹೋಳಿಗೆ ಮಾಡಿದರು. ಅಕ್ಕ ಐದು ಜನ ಮುತ್ತೈದೆಯರನ್ನು ಕರೆದು ನನಗೆ ಉಡಿ ತುಂಬಿಸಿದಳು. “ಕೂದಲಾ ಬಂತು, ಬ್ಯಾನಿ ಹೋತು,” ಎಂದು ಬಂದವರೆಲ್ಲ ಅಂದರು. ಬೀದಿಯಲ್ಲಿ ಸಿಕ್ಕವರೂ ಅದನ್ನೇ ಅಂದರು. ಅನ್ನುತ್ತ ಅನ್ನುತ್ತ ಅದು ನಮ್ಮ ಮನೆಯಲ್ಲಿ ಖರೆ ಆಗಿಬಿಟ್ಟಿತು. ಇಪ್ಪತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನೂ ಹೌದೌದು ಎಂದು ತಲೆ ಆಡಿಸಿದೆ.

ಗದಗಿನ ಡಾಕ್ಟರು ಆಮೇಲೆ ಒಂದು ಗುಳಿಗೆ ಬರೆದುಕೊಟ್ಟಿದ್ದರು. ದಿನಕ್ಕೆ ಒಂದರಂತೆ ಐದು ವರ್ಷ ನುಂಗಬೇಕು. ಮೈಯೊಳಗಿನ ಹಾರ್ಮೋನನ್ನು ಅದು ಇಳಿಸುತ್ತದೆ, ರೋಗ ತಿರುಗಿ ಬಾರದಂತೆ ತಡೆಯುತ್ತದೆ ಎಂದಿದ್ದರು. ಕೀಲು ನೋಯಬಹುದು, ಮೈ ಒಮ್ಮೆಲೇ ಬಿಸಿ ಆಗಬಹುದು ಎಂದದ್ದು ನೆನಪಿದೆ. ಕೂದಲಿನ ಬಗ್ಗೆ ಏನಾದರೂ ಅಂದಿದ್ದರೋ ಇಲ್ಲವೋ, ದೇವರಾಣೆ ಗೊತ್ತಿಲ್ಲ. ನಾನು ಗೋಡೆಯ ಗಡಿಯಾರ ನೋಡುತ್ತ ಲಕ್ಷ್ಮೇಶ್ವರದ ಬಸ್ಸು ತಪ್ಪುತ್ತದಲ್ಲ ಎಂದು ಚಡಪಡಿಸುತ್ತಿದ್ದೆ.

ಈಗ ಅದೇ ಗುಳಿಗೆ ನುಂಗುತ್ತ ಒಂದೂವರೆ ವರ್ಷವಾಗಿತ್ತು, ಕೂದಲು ಮತ್ತೆ ಹೊರಟಿತ್ತು. ಕೀಮೋದಲ್ಲಿ ಹೋದಂತೆ ರಾಶಿ ರಾಶಿಯಾಗಿ ಅಲ್ಲ. ಬೈತಲೆಯ ಎರಡೂ ಬದಿಯಲ್ಲಿ, ನೆತ್ತಿಯ ಮೇಲೆ, ದಿನಕ್ಕೆ ಇಷ್ಟಿಷ್ಟೇ. ಅದೇ ಹೊತ್ತಿಗೆ ಗದ್ದದ ಮೇಲೆ ನಾಲ್ಕು ಬಿರುಸು ಕೂದಲು ಎದ್ದವು. ಬೇಕಾದಲ್ಲಿ ಬರಗಾಲ, ಬೇಡವಾದಲ್ಲಿ ಸುಗ್ಗಿ! ಕನ್ನಡಿಯ ಮುಂದೆ ನಿಂತು ನಕ್ಕೆ. ನಗುವುದು ಯಾವಾಗ ಅಳುವುದಾಯಿತೋ ತಿಳಿಯಲಿಲ್ಲ.

ಕೂದಲು ಬಂದದ್ದಕ್ಕೆ ಬೇನೆ ಹೋಯಿತು ಎನ್ನುವುದಾದರೆ, ಕೂದಲು ಹೋದರೆ? ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಡಾಕ್ಟರ ನಂಬರು ಫೈಲಿನ ಮೇಲೇ ಇತ್ತು. ಯಾಕೆ ಫೋನು ಮಾಡಲಿಲ್ಲ ಎಂದು ಈಗ ಕೇಳಿದರೆ ನಾಚಿಕೆಯಾಗುತ್ತದೆ. ಡಾಕ್ಟರನ್ನು ಕೇಳಿದರೆ ಅವರು ಉತ್ತರ ಹೇಳಿಬಿಡುತ್ತಾರಲ್ಲ, ಅದಕ್ಕೇ ಮಾಡಲಿಲ್ಲ.

ಆ ದಿನಗಳಲ್ಲೇ ಓಣಿಯ ಒಂದು ಮನೆಗೆ ಅರಿಷಿಣ ಕುಂಕುಮಕ್ಕೆ ಕರೆದರು. ಆ ಮನೆಯ ಹಿರಿಯಾಕೆ ನನ್ನ ಹಣೆಗೆ ಕುಂಕುಮ ಇಟ್ಟು, ತಲೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದಳು. ಹೂ ಜಾರಿ ಹೆಗಲಿಗೆ ಬಿತ್ತು. ಎತ್ತಿ ಮತ್ತೆ ಮುಡಿಸಿದಳು, ಜಾರಿ ಉಡಿಗೆ ಬಿತ್ತು. ಮೂರನೆಯ ಸಲಕ್ಕೆ ಕೂತಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಮುತ್ತೈದೆಯ ತಲೆಯಲ್ಲಿ ಹೂ ನಿಲ್ಲದಿದ್ದರೆ ನಮ್ಮ ಕಡೆ ಯಾರಿಗೂ ಒಳ್ಳೆಯದು ಅನ್ನಿಸುವುದಿಲ್ಲ.

“ಇರಲಿ ಬಿಡ್ರಿ ಅಕ್ಕೋರ, ಕೈಯಾಗ ಹಿಡ್ಕೋರಿ,” ಅಂದಳು ಆಕೆ. ನಾನು ಹೂವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ಅಷ್ಟು ಹೊತ್ತಿಗೆ ಅದು ಬಾಡಿ ಮುದ್ದೆಯಾಗಿತ್ತು.

ಮರುದಿನ ಏಳನೆಯ ತರಗತಿಯಲ್ಲಿ ಬೀಜ ಮೊಳೆಯುವ ಪಾಠ. ಎರಡು ಡಬ್ಬಿ, ಎರಡರಲ್ಲೂ ಅಲಸಂದೆ ಕಾಳು, ಒಂದಕ್ಕೆ ನೀರು ಕೊಡು, ಒಂದಕ್ಕೆ ಕೊಡಬೇಡ. ಒಂದೇ ಒಂದನ್ನು ಬದಲಿಸು, ಏನಾಗುತ್ತದೆ ನೋಡು ಎಂದು ಮಕ್ಕಳಿಗೆ ಹೇಳುತ್ತಿದ್ದ ಹಾಗೆಯೇ ನನ್ನ ತಲೆಗೂ ಅದು ಹೊಳೆಯಿತು. ಗುಳಿಗೆ ಬಿಟ್ಟು ನೋಡೋಣ. ಕೂದಲು ಉದುರುವುದು ನಿಂತರೆ ಕಳ್ಳ ಗುಳಿಗೆಯೇ, ಬೇನೆಯಲ್ಲ. ಕಳ್ಳ ಗುಳಿಗೆಯೇ ಆಗಿರಲಿ ಎಂದು ನಾನು ಎಷ್ಟು ಬೇಡಿಕೊಂಡಿದ್ದೆ ಎಂದರೆ, ಅದನ್ನು ರುಜುವಾತು ಮಾಡಲು ಅದನ್ನೇ ಬಿಡಲು ಹೊರಟಿದ್ದೆ.

ನಮ್ಮವರು ದಿನಾ ಬೆಳಿಗ್ಗೆ ನಾಷ್ಟಾ ಆದಮೇಲೆ ಗುಳಿಗೆ, ನೀರು ತಂದು ನನ್ನ ಮುಂದೆ ಇಡುತ್ತಿದ್ದರು. ಯಾರೂ ಹೇಳಿಕೊಡದೆ ಹಿಡಿದ ಕೆಲಸ ಅದು. ನಾನು ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟು, ನೀರು ಕುಡಿದು, ಬಚ್ಚಲಿಗೆ ಹೋಗಿ ಉಗುಳುತ್ತಿದ್ದೆ.

“ನುಂಗಿದಿ?”

“ನುಂಗಿದೆ.”

ಮೂವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯನಿಗೆ ದಿನಾ ಒಂದು ಸುಳ್ಳು. ಮೊದಲ ವಾರ ಅವರ ಮುಖ ನೋಡದೆ ಹೇಳುತ್ತಿದ್ದೆ. ಆಮೇಲೆ ರೂಢಿಯಾಯಿತು.

ಒಂದು ತಿಂಗಳಾಯಿತು, ಕೂದಲು ಉದುರುತ್ತಲೇ ಇತ್ತು. ಎರಡಾಯಿತು, ಉದುರುತ್ತಲೇ ಇತ್ತು. ತಲೆ ಬಾಚುವ ಹಣಿಗೆಯಲ್ಲಿ, ಬಚ್ಚಲ ಮೋರಿಯಲ್ಲಿ, ಒಮ್ಮೆ ರೊಟ್ಟಿ ಹಿಟ್ಟಿನಲ್ಲೂ ಸಿಕ್ಕಿತು. ನಾನೇ ಹಾಕಿಕೊಂಡ ಪ್ರಯೋಗದ ಪ್ರಕಾರ ಗುಳಿಗೆ ಕಳ್ಳನಲ್ಲ. ಹಾಗಾದರೆ ಬೇನೆ ಬಂದಿದೆ. ಬಂದಿದ್ದರೆ ಗುಳಿಗೆ ಮತ್ತೆ ಶುರು ಮಾಡಬೇಕೋ, ಇನ್ನು ಅದರಿಂದ ಏನೂ ಆಗುವುದಿಲ್ಲವೋ? ಶುರು ಮಾಡಿದ ಮೇಲೆ ಕೂದಲು ಇನ್ನೂ ಜಾಸ್ತಿ ಉದುರಿದರೆ ಅದಕ್ಕೆ ಏನರ್ಥ? ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬಂತಾಯಿತು ನನ್ನ ಬಾಳು. ಹಾಜರಿ ಕೂಗುವಾಗ ಒಂದೇ ಹೆಸರನ್ನು ಎರಡು ಸಲ ಕೂಗುತ್ತಿದ್ದೆ. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಮತ್ತೊಮ್ಮೆ ಹಾಕುತ್ತಿದ್ದೆ. ಕೊನೆಗೆ, ಸಾಯುವುದಾದರೆ ಸಾಯುತ್ತೇನೆ, ಆದರೆ ಮಗಳ ಬಾಣಂತನ ಮುಗಿಯುವ ತನಕ ಯಾರಿಗೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ನಮಗಿರುವವಳು ಒಬ್ಬಳೇ ಮಗಳು. ಮುಂಡರಗಿಗೆ ಕೊಟ್ಟಿದ್ದೇವೆ, ಬೀಜ ಗೊಬ್ಬರದ ವ್ಯಾಪಾರದ ಮನೆ. ಬಸುರಿಗೆ ಏಳು ತಿಂಗಳಾಗಿತ್ತು, ಅವರ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯ ಇಟ್ಟುಕೊಂಡಿದ್ದರು. ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಉಂಡೆ ಕಟ್ಟಿಕೊಂಡು ನಾನು, ನಮ್ಮವರು, ಅಕ್ಕ ಶಿರಹಟ್ಟಿ ದಾಟಿ ಹೋದೆವು. ಕಪ್ಪತಗುಡ್ಡ ಕಂಡ ಕೂಡಲೆ ಅಕ್ಕ ಕೈ ಮುಗಿದು ಏನೋ ಬೇಡಿಕೊಂಡಳು. ಏನು ಬೇಡಿದೆ ಎಂದು ನಾನು ಕೇಳಲಿಲ್ಲ.

ಬೀಗರ ಮನೆಯಲ್ಲಿ ತಲೆ ತುಂಬ ಸೆರಗು ಹೊದ್ದಿದ್ದೆ. ಗೌರವವೂ ಆಯಿತು, ಗುಟ್ಟೂ ಉಳಿಯಿತು. ಮಗಳನ್ನು ಮಣೆಯ ಮೇಲೆ ಕೂಡಿಸಿ ಆರತಿ ಎತ್ತುವಾಗ, ಈ ಕೂಸಿನ ಮುಖ ನಾನು ನೋಡುತ್ತೇನೋ ಇಲ್ಲವೋ ಎನ್ನಿಸಿ ಅಳು ಒತ್ತರಿಸಿ ಬಂತು. “ತಾಯಿ ಕರಳ ನೋಡ್ರಿ,” ಎಂದು ಯಾರೋ ಅಂದರು. ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಊಟಕ್ಕೆ ಎಲ್ಲರೂ ಕೂತಾಗ ನನ್ನ ರಟ್ಟೆ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು.

“ಅವ್ವಾ, ಏನಾಗೈತಿ? ಖರೆ ಹೇಳ.”

“ಏನೂ ಆಗಿಲ್ಲ. ಹೋಗ, ಉಣ್ಣ ಹೋಗ.”

ಅವಳು ನನ್ನ ಸೆರಗು ಜಗ್ಗಿದಳು. ನೆತ್ತಿ ನೋಡಿದಳು. ನನ್ನ ಬಾಯಿ ತಾನಾಗಿ ತೆರೆಯಿತು. ಕೂದಲು, ಗುಳಿಗೆ, ಬಚ್ಚಲು, ಅಲಸಂದೆ ಕಾಳು, ಎಲ್ಲ ಹೇಳಿಬಿಟ್ಟೆ.

“ಗುಳಿಗಿ ಬಿಟ್ಟು ಎಷ್ಟ ದಿನಾ ಆತು?”

“ಮೂರ ತಿಂಗಳಾತು.”

“ಯವ್ವಾ!” ಅವಳು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕುಸಿದಳು. ಆಮೇಲೆ ಬಂತು ನೋಡಿ ಸಿಟ್ಟು, ನನ್ನ ಸಿಟ್ಟೇ ಅವಳಿಗೆ ಇಳಿದು ಬಂದಿದೆ. “ಶಾಲ್ಯಾಗ ಹುಡುಗರಿಗೆ ತಿಳೀದಿದ್ರ ಕೇಳ್ರಿ, ಕೇಳ್ರಿ ಅಂತ ಬಡಕೋತಿ! ನಿನಗೇನ ಧಾಡಿ ಆಗಿತ್ತು ಕೇಳಾಕ? ನೀ ಸತ್ತ ಹೋಗಿ ನನ್ನ ಬಾಣಂತನಾ ಯಾರ ಮಾಡ್ತಾರ?” ಹೊಸ ಬಳೆಗಳು ಗಲಗಲ ಎನ್ನುತ್ತಿದ್ದವು. ನಾನು ಹೊಡೆಸಿಕೊಂಡ ಹುಡುಗಿಯ ಹಾಗೆ ನಿಂತಿದ್ದೆ.

ಮಗಳು ಅಪ್ಪನಿಗೆ ಹೇಳದೆ ಬಿಡಲಿಲ್ಲ. ಮರುದಿನವೇ ನಮ್ಮವರು ನನ್ನನ್ನು ಗದಗಿಗೆ ಕರೆದೊಯ್ದರು. ಡಾಕ್ಟರು ಮುಟ್ಟಿ ನೋಡಿದರು, ರಕ್ತ ತೆಗೆಸಿದರು, ಸ್ಕ್ಯಾನಿಗೆ ಕಳಿಸಿದರು. ಒಂದು ವಾರ ಕಾದೆವು. ಆ ವಾರ ನಾನು ಏನು ತಿಂದೆ, ಏನು ಕಲಿಸಿದೆ, ಒಂದೂ ನೆನಪಿಲ್ಲ. ರಿಪೋರ್ಟಿನಲ್ಲಿ ಏನೂ ಇರಲಿಲ್ಲ.

“ಅಕ್ಕೋರ, ಕೂದಲಾ ಉದುರೂದು ಗುಳಿಗಿಯಿಂದನ ಐತ್ರಿ,” ಅಂದರು ಡಾಕ್ಟರು. “ಗುಳಿಗಿ ಬಿಟ್ಟ ಕೂಡ್ಲೇ ಅದು ನಿಲ್ಲೂದಿಲ್ಲ, ತಿಂಗಳಗಟ್ಟಲೆ ಹಿಡೀತೈತಿ. ಕೂದಲಾ ಬಂದ್ರ ಬ್ಯಾನಿ ಹೋತು, ಕೂದಲಾ ಹೋದ್ರ ಬ್ಯಾನಿ ಬಂತು ಅಂತ ನಿಮಗ ಯಾರ ಹೇಳಿದ್ರು?”

ಯಾರು ಹೇಳಿದರು ಎಂದು ಹೇಳಲಿ? ಹೋಳಿಗೆ ತಿಂದವರೆಲ್ಲ ಹೇಳಿದ್ದರು. ಹಾಗಾದರೆ ನನ್ನ ಅನುಮಾನ ಮೊದಲೇ ಸರಿಯಿತ್ತು. ಸರಿಯಿದ್ದದ್ದನ್ನು ಪರೀಕ್ಷೆ ಮಾಡಲು ಹೋಗಿ, ಮೂರು ತಿಂಗಳು ಕಾವಲಿಲ್ಲದೆ ಕೂತಿದ್ದೆ.

“ಈ ಮೂರ ತಿಂಗಳದಾಗ ಏನರ ಧಕ್ಕಿ ಆಗಿರತೈತೇನ್ರಿ?”

“ಈಗಂತೂ ಏನೂ ಕಾಣವಲ್ದು. ಮುಂದಿನದ್ದು ನಾ ಹೆಂಗ ಹೇಳ್ಲಿರಿ? ಇದ ತರದ ಬ್ಯಾರೆ ಗುಳಿಗಿ ಅದಾವು, ಬದಲ ಮಾಡಿ ನೋಡೂಣು. ಕೂದಲಿಗೂ ಏನರ ಮಾಡಾಕ ಬರ್ತೈತಿ. ಆದ್ರ ನಿಮಗ ನೀವ ಬಿಡಬ್ಯಾಡ್ರಿ.”

ತಿರುಗಿ ಬಸ್ಸು ಹತ್ತಿದೆವು. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ನಮ್ಮವರು ಕಿಟಕಿಯ ಹೊರಗೆ ನೋಡುತ್ತ, “ದಿನಾ ಕೇಳತಿದ್ದೆ. ದಿನಾ ನುಂಗಿದೆ ಅಂದಿ,” ಅಂದರು. ಅಷ್ಟೇ. ಎರಡು ದಿನ ನನ್ನೊಡನೆ ಮಾತು ಬಿಟ್ಟರು, ಗುಳಿಗೆ ತಂದಿಡುವುದನ್ನು ಮಾತ್ರ ಬಿಡಲಿಲ್ಲ. ಈಗ ನಾನು ನುಂಗಿ, ಬಾಯಿ ಆ ಎಂದು ತೆರೆದು ತೋರಿಸುತ್ತೇನೆ.

ಬದಲಿ ಗುಳಿಗೆಯಲ್ಲಿ ಕೂದಲು ಉಳಿಯುತ್ತಿದೆಯೋ ಇಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಕೆಲವು ದಿನ ಉಳಿದ ಹಾಗೆ ಕಾಣುತ್ತದೆ, ಕೆಲವು ದಿನ ಇಲ್ಲ. ಮೂರು ತಿಂಗಳು ನನಗೆ ಏನು ಮಾಡಿತೋ ಅದೂ ತಿಳಿದಿಲ್ಲ. ಹೆದರಿಕೆ ಇದೆ, ಇಲ್ಲ ಎಂದು ಯಾಕೆ ಹೇಳಲಿ?

ಮಗಳು ನಮ್ಮ ಮನೆಯಲ್ಲೇ ಹೆತ್ತಳು. ಹೆಣ್ಣುಕೂಸು. ಎಣ್ಣೆ ನೀರು, ಲೋಬಾನದ ಹೊಗೆ, ಕೂಸಿನ ಅಳು, ಮನೆ ತುಂಬಿ ಹೋಗಿತ್ತು. ಮೂರು ತಿಂಗಳು ತುಂಬಿ, ಕೂಸು ಮುಖ ನೋಡಿ ನಗುತ್ತಿತ್ತು. ಒಂದು ಮುಂಜಾನೆ ನಾನು ಹಿತ್ತಲಿಗೆ ಬಂದರೆ, ತಲೆ ಬಾಚುತ್ತಿದ್ದ ಮಗಳು ಗಡಬಡಿಸಿ ಕೈಯನ್ನು ಬೆನ್ನ ಹಿಂದೆ ಮರೆಮಾಡಿದಳು.

“ತೋರಸ.”

“ಏನಿಲ್ಲವ್ವಾ.”

“ತೋರಸ ಅಂದೆ.”

ಮುಷ್ಟಿ ಬಿಚ್ಚಿದಳು. ಕೈತುಂಬ ಕೂದಲು.

“ಎಷ್ಟ ದಿನದಿಂದ?”

“ಹದಿನೈದ ದಿನಾ ಆತು.”

“ಯಾರಿಗೆ ಹೇಳೀದಿ?”

“ನಿನ್ನ ಬ್ಯಾನಿ ನನಗ ಬಂತೇನವ್ವಾ?” ಅಂದಳು. ಕುಬಸದ ದಿನ ನನ್ನನ್ನು ಹಿಡಿದು ಬೈದ ಹುಡುಗಿ, ಹದಿನೈದು ದಿನ ಕೂಸಿಗೆ ಹಾಲು ಕೊಡುತ್ತ, ನಗುತ್ತ, ಇದನ್ನು ಒಳಗೇ ಇಟ್ಟುಕೊಂಡಿದ್ದಳು. ಬಾಯಿ ಮುಚ್ಚಿಕೊಂಡು ಹೆದರುವುದನ್ನು ಅವಳು ಕಲಿತದ್ದು ನನ್ನಿಂದ, ಇನ್ಯಾರಿಂದ? ನನಗೆ ನನ್ನ ಮೇಲೇ ಅಸಹ್ಯವಾಯಿತು.

ಬಾಣಂತನಕ್ಕೆಂದು ಬಂದಿದ್ದ ಅಕ್ಕ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು. “ಕೂಸು ನಗಾಕ ಹತ್ತಿದ್ರ ತಾಯಿ ಕೂದಲಾ ಉದುರತಾವ. ಎಲ್ಲಾ ಬಾಣಂತ್ಯಾರಿಗೂ ಆಕ್ಕೈತಿ. ಅದಕ್ಯಾಕ ಅಳ್ತಿ, ಹುಚ್ಚಿ?”

ಇರಬಹುದು. ನಮ್ಮ ಅವ್ವನೂ ಹಾಗೇ ಅನ್ನುತ್ತಿದ್ದಳು. ಮಗಳು ಅಕ್ಕನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಹೌದು ಅಂದರೆ ನಂಬಲು ತಯಾರಾಗಿ ನಿಂತಿದ್ದಳು. ಹೌದು ಎಂದು ಬಾಯಿಗೂ ಬಂದಿತ್ತು. ಆದರೆ ಅನ್ನಲು ಧೈರ್ಯ ಆಗಲಿಲ್ಲ.

ಒಳಗೆ ಹೋಗಿ ಫೈಲು ತಂದೆ. ಅದರ ಮೇಲಿದ್ದ ನಂಬರು ಒತ್ತಿದೆ. ಕೂದಲು ಹಿಡಿದ ಕೈಯಿಂದಲೇ ಮಗಳು ನನ್ನ ಸೆರಗು ಹಿಡಿದುಕೊಂಡಳು. ಆ ಕಡೆ ಯಾರೋ ಫೋನು ಎತ್ತಿ, ಡಾಕ್ಟರಿಗೆ ಕೊಟ್ಟರು.

“ನಾ ಲಕ್ಷ್ಮೇಶ್ವರದ ಟೀಚರ ಮಾತಾಡೂದ್ರಿ,” ಅಂದೆ. “ಗುಳಿಗಿ ಬಿಟ್ಟಿಲ್ಲರಿ, ಗಾಬರಿ ಆಗಬ್ಯಾಡ್ರಿ. ಈ ಸಲ ಕೇಳಾಕ ಫೋನ ಮಾಡೀನಿ.”